ನಿಮಗಿದು ಗೊತ್ತೆ? ಎಲುಬಿನ ಲೆಕ್ಕ ಕುತ್ತಿಗೆಯಲ್ಲಿ!

ಸಂಕೇಶ್ವರದ ಮೆಣಸಿನಕಾಯಿ ಒಣಗಿಸುವ ನಡುಹಗಲಿನ ಬಿಸಿಲೇ ನಮ್ಮ ಚರ್ಮದಲ್ಲಿ ವಿಟಮಿನ್ ಡಿ ತಯಾರಿಸುತ್ತದೆ. ಕಿಟಕಿ ಗಾಜಿನ ಹಿಂದೆ ಕೂತರೆ ಮೈ ಕಾಯುತ್ತದೆ, ಅಷ್ಟೇ, ವಿಟಮಿನ್ ಹುಟ್ಟದು. ಅದು ಕಡಿಮೆಯಾದರೆ ಉಂಡ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಆಗ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಹಿಂದಿರುವ, ಅಕ್ಕಿಕಾಳಿನಷ್ಟು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳು (ಸಾಮಾನ್ಯವಾಗಿ ನಾಲ್ಕು) ಹಾರ್ಮೋನು ಹೆಚ್ಚಿಸಿ ಎಲುಬಿನಿಂದಲೇ ಕ್ಯಾಲ್ಸಿಯಂ ಕೀಳುತ್ತವೆ. ಹಾಗಾಗಿ ಎಲುಬು ಸವೆಯುತ್ತಿದ್ದರೂ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಕಾಣಬಹುದು! ಆದರೆ ಗ್ರಂಥಿಯಲ್ಲೇ ಗಡ್ಡೆ ಬೆಳೆದರೆ ರಕ್ತದ ಕ್ಯಾಲ್ಸಿಯಂ ಏರಿ, ಮೂತ್ರಪಿಂಡದಲ್ಲಿ ಕಲ್ಲೂ ಆದೀತು.

ಈ ಗ್ರಂಥಿ ಮೊದಲು ಕಂಡದ್ದು ಮನುಷ್ಯನಲ್ಲಲ್ಲ. 1849ರಲ್ಲಿ ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವನ್ನು ಕೊಯ್ದು ನೋಡಿದ ಅಂಗರಚನಾ ತಜ್ಞ ರಿಚರ್ಡ್ ಓವನ್‌ಗೆ ಅದು ಸಿಕ್ಕಿತು. ಮನುಷ್ಯನಲ್ಲಿ ಗುರುತಿಸಿದವನು ಸ್ವೀಡನ್ನಿನ ವೈದ್ಯವಿದ್ಯಾರ್ಥಿ ಐವಾರ್ ಸ್ಯಾಂಡ್‌ಸ್ಟ್ರಾಮ್. ಅವನ ಬರಹ ಅಚ್ಚಾದದ್ದು 1880ರಲ್ಲಿ.