ಬೂಟು ಬಿಚ್ಚಿಟ್ಟ ಮ್ಯಾಲೆ ಹೇಳಿದ ಮಾತು

ಫುಟ್‌ಬಾಲ್ ನೋಡವರು ಥಾಮಸ್ ಹಿಟ್ಜಲ್‌ಸ್ಪೆರ್ಗರ್ ಹೆಸರು ಕೇಳಿರ್ತೀರಿ. ಎಡಗಾಲಿನ ಹೊಡತ ಎಷ್ಟು ಜೋರಿತ್ತಂದ್ರ, ಅಭಿಮಾನಿಗಳು 'ಹ್ಯಾಮರ್' ಅಂತಿದ್ರು. ಜರ್ಮನಿ ಪರ 52 ಪಂದ್ಯ ಆಡಿದ. 2007ರಾಗ ಸ್ಟುಟ್‌ಗಾರ್ಟ್ ತಂಡದಾಗಿದ್ದು ಜರ್ಮನಿಯ ಲೀಗ್ ಬುಂಡೆಸ್‌ಲಿಗಾ ಗೆದ್ದ.

2013ರಾಗ ನಿವೃತ್ತಿ ತಗೊಂಡ. 2014ರ ಜನವರಿಯಾಗ 'ಡೀ ಝೈಟ್' ಪತ್ರಿಕೆ ಮುಂದ, ತಾನು ಸಲಿಂಗಪ್ರೇಮಿ ಅಂತ ಹೇಳಿದ.

ಆಡೂವಾಗ ಯಾಕ ಹೇಳಲಿಲ್ಲ ಅಂತೀರೇನು? ಜಸ್ಟಿನ್ ಫಾಶಾನು ಕಥಿ ಕೇಳ್ರಿ. ಇಂಗ್ಲೆಂಡಿನ ಈ ಆಟಗಾರ 1990ರಾಗ, ಇನ್ನೂ ಆಡ್ತಿದ್ದಾಗನ ಹೇಳ್ಕೊಂಡ. ಗ್ಯಾಲರಿಯಿಂದ ಬೈಗಳ ಬಂದ್ವು. ಫುಟ್‌ಬಾಲ್ ಆಡ್ತಿದ್ದ ಸ್ವಂತ ತಮ್ಮನೂ ಪತ್ರಿಕೆಯೊಳಗ ಅವನ್ನ ದೂರ ಮಾಡಿದ. 1998ರಾಗ, ಬರೇ 37ನೇ ವಯಸ್ಸಿಗೆ ಜಸ್ಟಿನ್ ಜೀವ ಕಳ್ಕೊಂಡ. ಇದನ್ನ ಕಂಡ ಆಟಗಾರರು ಬಾಯಿ ಮುಚ್ಚಿಕೊಂಡಿದ್ರ, ಅದು ಹೇಡಿತನ ಅಲ್ರಿ. ಆ ಅಂಜಿಕಿ ಹುಟ್ಟಿಸಿದವರು ಗ್ಯಾಲರಿಯಾಗ ಕುಂತವರು.

ನಮ್ಮ ಕಡೆ? ಬಳ್ಳಾರಿ ಜಿಲ್ಲೆ ಸಂಡೂರಿನ ಲೇಖಕ ವಸುಧೇಂದ್ರ 2013ರಾಗ 'ಮೋಹನಸ್ವಾಮಿ' ಬರದು, ಕನ್ನಡದಾಗ ಸಲಿಂಗಪ್ರೇಮಿಗಳ ಬದುಕಿನ ಬಗ್ಗೆ ಧೈರ್ಯದಿಂದ ಮಾತಾಡಿದ್ರು. 2018ರ ಸೆಪ್ಟೆಂಬರ್ 6ಕ್ಕ ಸುಪ್ರೀಂ ಕೋರ್ಟ್, ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿತು. ಮರುವರ್ಷ ಓಟಗಾರ್ತಿ ದ್ಯುತಿ ಚಂದ್, ಒಬ್ಬ ಹುಡುಗಿಯನ್ನ ಪ್ರೀತಿಸ್ತೀನಿ ಅಂತ ಎಲ್ಲರ ಮುಂದ ಹೇಳಿದ್ರು. ಆಕಿ ಆಗ ಇನ್ನೂ ಓಡ್ತಿದ್ರು!

ಗ್ಯಾಲರಿಯ ಆ ಅಂಜಿಕಿ ನಮ್ಮಲ್ಲೂ ಹುಟ್ಟಬಾರದಂದ್ರ, ನಿಮ್ಮ ಓಣಿ ಮೈದಾನದಾಗ ಚೆಂಡು ತಪ್ಪಿಸಿದ ಹುಡುಗನ್ನ 'ಹೆಣ್ಣಿಗ' ಅಂತ ಕೂಗೂದನ್ನ ಇವತ್ತ ಬಿಡ್ರಿ. ಕೂಗವರಿದ್ರ, ಅಲ್ಲೇ ನಿಲ್ಲಿಸಿ ಹೇಳ್ರಿ.