ಪ್ರೊಸ್ಟಗ್ಲಾಂಡಿನ್‌ಗಳು ಮತ್ತು ಮೂತ್ರಕೋಶ

ಪ್ರೊಸ್ಟಗ್ಲಾಂಡಿನ್‌ಗಳು ದೇಹದ ಬಹುತೇಕ ಎಲ್ಲ ಅಂಗಾಂಶಗಳಲ್ಲಿ ಉತ್ಪತ್ತಿಯಾಗುವ, ಹಾರ್ಮೋನುಗಳನ್ನು ಹೋಲುವ ಲಿಪಿಡ್ ಸಂಯುಕ್ತಗಳು. ಹಾರ್ಮೋನುಗಳು ಗ್ರಂಥಿಗಳಿಂದ ಸ್ರವಿಸಿ ರಕ್ತದ ಮೂಲಕ ದೂರದ ಅಂಗಗಳನ್ನು ತಲುಪುತ್ತವೆ. ಪ್ರೊಸ್ಟಗ್ಲಾಂಡಿನ್‌ಗಳಾದರೋ ಹುಟ್ಟಿದ ಸ್ಥಳದ ಆಸುಪಾಸಿನಲ್ಲಿಯೇ ಕಾರ್ಯವೆಸಗಿ ಬೇಗನೆ ನಿಷ್ಕ್ರಿಯವಾಗುತ್ತವೆ. ಮೂತ್ರಕೋಶದ ಸಂವೇದನೆ ಮತ್ತು ಸಂಕೋಚನಗಳಲ್ಲಿ ಇವು ಪಾತ್ರ ವಹಿಸುತ್ತವೆ.

ಹೆಸರು ಮತ್ತು ಇತಿಹಾಸ

ಸ್ವೀಡನ್ನಿನ ವಿಜ್ಞಾನಿ ಉಲ್ಫ್ ಫಾನ್ ಆಯ್ಲರ್ 1935ರಲ್ಲಿ ವೀರ್ಯದ್ರವದಲ್ಲಿ ಕಂಡ ಈ ವಸ್ತುವು ಪ್ರೊಸ್ಟೇಟ್ ಗ್ರಂಥಿಯಿಂದ ಬರುತ್ತದೆಂದು ಭಾವಿಸಿ ಈ ಹೆಸರಿಟ್ಟರು. ವೀರ್ಯದಲ್ಲಿ ಇದರ ಮುಖ್ಯ ಮೂಲ ವೀರ್ಯಕೋಶಿಕೆಗಳೆಂದು ಅನಂತರ ತಿಳಿದುಬಂತು. ಈ ಸಂಯುಕ್ತಗಳ ಸಂಶೋಧನೆಗಾಗಿ ಸೂನ್ ಬರ್ಗ್‌ಸ್ಟ್ರೋಮ್, ಬೆಂಗ್ಟ್ ಸ್ಯಾಮ್ಯುಯೆಲ್‌ಸನ್ ಮತ್ತು ಜಾನ್ ವೇನ್ ಅವರಿಗೆ 1982ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಉತ್ಪತ್ತಿ

ಜೀವಕೋಶದ ಪೊರೆಯಿಂದ ಬಿಡುಗಡೆಯಾಗುವ 20 ಇಂಗಾಲ ಪರಮಾಣುಗಳ ಅರಾಕಿಡೋನಿಕ್ ಆಮ್ಲವನ್ನು ಸೈಕ್ಲೋಆಕ್ಸಿಜಿನೇಸ್ (ಕಾಕ್ಸ್) ಕಿಣ್ವಗಳು ಪ್ರೊಸ್ಟಗ್ಲಾಂಡಿನ್‌ಗಳ ಪೂರ್ವರೂಪವಾಗಿ ಪರಿವರ್ತಿಸುತ್ತವೆ. ಇವುಗಳಲ್ಲಿ ಕಾಕ್ಸ್-1 ಹೆಚ್ಚಿನ ಅಂಗಾಂಶಗಳಲ್ಲಿ ಸದಾ ಇರುತ್ತದೆ. ಕಾಕ್ಸ್-2 ಉರಿಯೂತದ ಸಂದರ್ಭದಲ್ಲಿ ಹೆಚ್ಚುತ್ತದೆ.

ಮೂತ್ರಕೋಶದಲ್ಲಿನ ಕಾರ್ಯ

ಮೂತ್ರ ತುಂಬಿ ಮೂತ್ರಕೋಶದ ಗೋಡೆ ಹಿಗ್ಗಿದಾಗ ಒಳಪದರದ ಜೀವಕೋಶಗಳು ಪ್ರೊಸ್ಟಗ್ಲಾಂಡಿನ್ ಇ2 ಅನ್ನು ಬಿಡುಗಡೆ ಮಾಡುತ್ತವೆ. ಇದು ಇಪಿ1ರಿಂದ ಇಪಿ4ರವರೆಗಿನ ನಾಲ್ಕು ಬಗೆಯ ಗ್ರಾಹಕಗಳ ಮೂಲಕ ವರ್ತಿಸುತ್ತದೆ. ಸಂವೇದನಾ ನರತಂತುಗಳು ಇದರಿಂದ ಹೆಚ್ಚು ಸೂಕ್ಷ್ಮವಾಗುವುದರಿಂದ, ಕಡಿಮೆ ಮೂತ್ರವಿದ್ದಾಗಲೂ ವಿಸರ್ಜನೆಯ ಒತ್ತಡ ಉಂಟಾಗಬಹುದು. ಗೋಡೆಯಲ್ಲಿರುವ ಡೆಟ್ರೂಸರ್ ಸ್ನಾಯುವಿನ ಬಿಗಿತವನ್ನೂ ಇದು ಹೆಚ್ಚಿಸುತ್ತದೆ.

ಸೋಂಕು ಮುಂತಾದ ಕಾರಣಗಳಿಂದ ಮೂತ್ರಕೋಶದಲ್ಲಿ ಉರಿಯೂತವಾದಾಗ ಪ್ರೊಸ್ಟಗ್ಲಾಂಡಿನ್‌ಗಳ ಪ್ರಮಾಣ ಏರುತ್ತದೆ. ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಅವಸರ ಮತ್ತು ನೋವಿಗೆ ಇದೂ ಒಂದು ಕಾರಣ.

ಔಷಧಗಳೊಡನೆ ಸಂಬಂಧ

ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್ ಉತ್ಪತ್ತಿಯನ್ನು ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ನೋವುನಿವಾರಕಗಳೂ ಕಾಕ್ಸ್ ಕಿಣ್ವಗಳನ್ನು ತಡೆಯುತ್ತವೆ. ಇಂತಹ ಔಷಧಗಳನ್ನು ಸೇವಿಸುವ ಪುರುಷರಲ್ಲಿ ಹಠಾತ್ ಮೂತ್ರ ಕಟ್ಟಿಕೊಳ್ಳುವ ಸಂಭವ ಹೆಚ್ಚಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಡೆಟ್ರೂಸರ್ ಸ್ನಾಯುವಿನ ಸಂಕೋಚನ ಕುಗ್ಗುವುದು ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ಪ್ರೊಸ್ಟೇಟ್ ಹಿಗ್ಗಿರುವ ವೃದ್ಧರು ನೋವುನಿವಾರಕಗಳನ್ನು ವೈದ್ಯರ ಸಲಹೆಯಂತೆ ಬಳಸುವುದು ಲೇಸು. ಮೂತ್ರ ಸಂಪೂರ್ಣವಾಗಿ ಕಟ್ಟಿಕೊಂಡರೆ ತುರ್ತು ಚಿಕಿತ್ಸೆ ಅಗತ್ಯ.

ಕ್ಯಾನ್ಸರ್ ಔಷಧವಾದ ಸೈಕ್ಲೋಫಾಸ್ಫಮೈಡ್‌ನಿಂದ ಮೂತ್ರಕೋಶದಲ್ಲಿ ಉಂಟಾಗುವ ರಕ್ತಸ್ರಾವವನ್ನು ನಿಲ್ಲಿಸಲು, ಪ್ರೊಸ್ಟಗ್ಲಾಂಡಿನ್‌ನ ಕೃತಕ ರೂಪವಾದ ಕಾರ್ಬೊಪ್ರೊಸ್ಟ್ ಅನ್ನು ನಳಿಕೆಯ ಮೂಲಕ ಮೂತ್ರಕೋಶದೊಳಗೆ ತುಂಬುವ ಚಿಕಿತ್ಸೆಯೂ ಬಳಕೆಯಲ್ಲಿದೆ.