ಭಾಷಣವಿಲ್ಲದೆ ಅನಾವರಣಗೊಂಡ ಪ್ರತಿಮೆ

1915ರ ಜುಲೈ 6, ಪ್ರಾಗ್ ನಗರದ ಹಳೇಪೇಟೆ ಚೌಕ. ಯಾನ್ ಹುಸ್‌ನನ್ನು ಧರ್ಮದ್ರೋಹಿ ಎಂದು ಜೀವಂತ ಸುಟ್ಟು ಅಂದಿಗೆ ಸರಿಯಾಗಿ 500 ವರ್ಷ. ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಆಳ್ವಿಕೆಯಲ್ಲಿದ್ದ ಚೆಕ್ ಜನಕ್ಕೆ, ಅವರದೇ ನುಡಿಯಲ್ಲಿ ಬೋಧಿಸಿದ್ದ ಈ ಪಾದ್ರಿ ತಮ್ಮತನದ ಗುರುತು. ಲಾಡಿಸ್ಲಾವ್ ಶಾಲೌನ್ ರೂಪಿಸಿದ ಸ್ಮಾರಕ ಸಿದ್ಧವಾಗಿತ್ತು. ಯುದ್ಧಕಾಲ, ಸರ್ಕಾರಿ ಸಮಾರಂಭಕ್ಕೆ ಅನುಮತಿ ಸಿಗಲಿಲ್ಲ. ಜನ ಹೂವು ತಂದು ರಾಶಿ ಹಾಕಿದರು. ನನ್ನ ಮಟ್ಟಿಗೆ, ಯಾವ ಭಾಷಣವೂ ಅಷ್ಟು ಹೇಳುತ್ತಿರಲಿಲ್ಲ!

ಅದೇ ಚೌಕದಲ್ಲಿ ಮೇರಿ ಮಾತೆಯ ಕಂಬವೂ ಇತ್ತು. ಸ್ವೀಡನ್ ಸೇನೆಯಿಂದ ನಗರ ಉಳಿದದ್ದರ ನೆನಪಿಗೆ 1650ರಲ್ಲಿ ನಿಲ್ಲಿಸಿದ್ದು. ಆದರೆ ಅನೇಕರ ಕಣ್ಣಿಗೆ ಅದು ಹ್ಯಾಬ್ಸ್‌ಬರ್ಗ್ ಗೆಲುವಿನ ಮುದ್ರೆ. ಸ್ವಾತಂತ್ರ್ಯ ಘೋಷಣೆಯಾದ ಕೆಲವೇ ದಿನಕ್ಕೆ, 1918ರ ನವೆಂಬರ್ 3ರಂದು, ಗುಂಪು ಅದನ್ನು ಉರುಳಿಸಿತು. 2020ರಲ್ಲಿ ಅದರ ಪ್ರತಿರೂಪ ಮತ್ತೆ ಅಲ್ಲೇ ಎದ್ದಿತು, ವಿರೋಧದ ನಡುವೆಯೇ.